ಕೋಟಿನ ಚೀಟಿ

ನಮ್ಮ ರಫೂ ಅಂಗಡಿಯಿಂದ ಹೊರಹೋಗುವ ಪ್ರತಿ ಬಟ್ಟೆಗೂ ಒಂದು ಚೀಟಿ ಕಟ್ಟಿರುತ್ತದೆ. ಹೆಸರು ಬೇಡ, ಆದರೆ ಹರಿದದ್ದನ್ನು ಸರಿಮಾಡಿದವರು ಎಂಥವರು, ಎಲ್ಲ ಬಿಟ್ಟು ಇಲ್ಲಿಗೆ ಹೇಗೆ ಬಂದರು ಎಂದು ಅದರಲ್ಲಿ ನಾಲ್ಕು ಸಾಲು ಇರಬೇಕು. ಈ ನಿಯಮ ಸಂಚಾಲಕಿಯವರದು. ಮಾತಿಗೊಮ್ಮೆ ಕೈಗಡಿಯಾರ ನೋಡುತ್ತಾರೆಂದು ನಾವು ಅವರನ್ನು ಗಡಿಯಾರದಮ್ಮ ಎನ್ನುತ್ತೇವೆ. ನಮ್ಮಂಥ ನಿರಾಶ್ರಿತರಿಗೆ ಆರು ತಿಂಗಳು ಕೆಲಸ ಕಲಿಸಿ, ಆಮೇಲೆ ಹೊರಗೆಲ್ಲಾದರೂ ಕಾಯಂ ಕೆಲಸ ಕೊಡಿಸುವುದು ಅವರ ಸಂಸ್ಥೆಯ ಉದ್ದೇಶ. ಚೀಟಿ ಓದಿದ ಗಿರಾಕಿ ಮತ್ತೆ ಬರುತ್ತಾನೆ ಎನ್ನುತ್ತಾರೆ. ಬರುತ್ತಾನೆ ಕೂಡ.

ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಎಳೆಯೊಂದನ್ನು ಸುಟ್ಟು, ಮೂಸಿ, ಉಣ್ಣೆಯೋ ಹತ್ತಿಯೋ ಹೇಳಬಲ್ಲೆ. ನನ್ನ ನಾದಿನಿ ಅದನ್ನು ಬೆರಳಲ್ಲಿ ಉಜ್ಜಿಯೇ ಹೇಳುತ್ತಾಳೆ. ಅವಳು ರಫೂ ಮಾಡಿದ ಮೇಲೆ ತೂತು ಎಲ್ಲಿತ್ತೆಂದು ಹುಡುಕಬೇಕು. ನಾನು ಮಾಡಿದ್ದು ಕಾಣುತ್ತದೆ.

ಅವಳ ಅಣ್ಣ, ಅಂದರೆ ನನ್ನ ಗಂಡ, ಅವಳನ್ನು ಗುಬ್ಬಿ ಎನ್ನುತ್ತಿದ್ದ. ಈಗ ಇಲ್ಲಿ ಎಲ್ಲರಿಗೂ ಅವಳು ಗುಬ್ಬಿ. ನನ್ನನ್ನು ಅವನು "ಏ, ಇಲ್ಲಿ ನೋಡು" ಎನ್ನುತ್ತಿದ್ದ. ಅದನ್ನು ಯಾರೂ ಹೆಸರು ಮಾಡಿಕೊಳ್ಳಲಾರರು.

ಗುಬ್ಬಿಗೆ ಕಿಟಕಿ ಪಕ್ಕದ ಮೇಜು, ಒಳ್ಳೆಯ ಬೆಳಕು. ಅಳು ಬಂದರೆ ಅತ್ತುಬಿಡುತ್ತಾಳೆ. ಎಲ್ಲರೂ ಸೂಜಿ ಕೆಳಗಿಟ್ಟು ಅವಳ ಬೆನ್ನು ಸವರುತ್ತಾರೆ. ಐದು ನಿಮಿಷಕ್ಕೆ ನಗುತ್ತಿರುತ್ತಾಳೆ. ನಾನು ಒಂದು ವರ್ಷದಿಂದ ಅತ್ತಿಲ್ಲ. ನನ್ನನ್ನು ಗಟ್ಟಿಗಿತ್ತಿ ಎನ್ನುತ್ತಾರೆ. ಬೆನ್ನು ಸವರುವುದಿಲ್ಲ.

ಇಲ್ಲಿನ ಭಾಷೆಯನ್ನು ಅವಳು ಪಟಪಟ ಮಾತಾಡುತ್ತಾಳೆ, ಓದಲು ಬರೆಯಲು ಬಾರದು. ಅವಳ ಚೀಟಿಗಳನ್ನೂ ನಾನೇ ಬರೆಯುತ್ತೇನೆ.

ನಮ್ಮ ಆರು ತಿಂಗಳು ಮುಗಿಯುವ ಹೊತ್ತಿಗೆ ಒಂದು ನಾಟಕ ಕಂಪನಿಯಿಂದ ಎರಡು ಹಳೆಯ ಕೋಟು ಬಂದವು. ಎರಡರ ತೋಳಿಗೂ ನುಸಿ ಹಿಡಿದಿತ್ತು. ಕಂಪನಿಯ ಉಡುಪಿನ ಕೋಣೆಯಲ್ಲಿ ಒಂದೇ ಒಂದು ಕೆಲಸ ಖಾಲಿ ಇದೆ, ಕೋಟು ನೋಡಿ ಆರಿಸುತ್ತಾರೆ ಎಂದರು ಗಡಿಯಾರದಮ್ಮ. ಒಂದನ್ನು ನನಗೆ ಕೊಟ್ಟರು, ಒಂದನ್ನು ಗುಬ್ಬಿಗೆ.

ಕಾಯಂ ಕೆಲಸ ಸಿಕ್ಕವರು ನಿರಾಶ್ರಿತರ ವಸತಿ ಬಿಟ್ಟು ಸ್ವಂತ ಕೋಣೆ ಹಿಡಿಯಬಹುದು. ನನಗೆ ಬೇಕಿದ್ದದ್ದು ಅದು. ಒಳಗಿಂದ ಚಿಲಕ ಹಾಕಿಕೊಳ್ಳಬಹುದಾದ, ಗುಬ್ಬಿ ಇಲ್ಲದ ಒಂದು ಕೋಣೆ.

ಕೋಟು ಮುಗಿಸಿ ಅವಳು ನನ್ನ ಮೇಜಿಗೆ ಬಂದಳು.

"ಅತ್ತಿಗೆ, ಚೀಟಿ. ಅದೇ ಬರೀರಿ."

"ಅದೇ ಅಂದ್ರೆ?"

"ಅದೇ, ಲಾರಿ. ಅಣ್ಣನ ಕೋಟು."

"ಎಷ್ಟು ಸಲ ಮಾರ್ತೀಯೇ ಆ ಕೋಟನ್ನ?"

"ನೀವಂತೂ ಬಾಯಿ ಬಿಡಲ್ಲ. ಯಾರಾದ್ರೂ ಹೇಳ್ಬೇಕಲ್ಲ ಅವನ ಸುದ್ದೀನ."

ಸುದ್ದಿ ನಿಜವೇ. ಗಡಿ ದಾಟಿದ ದಿನ ತೆರೆದ ಲಾರಿ, ಕೊರೆಯುವ ಗಾಳಿ. ಕೋಟು ಒಂದೇ ಇತ್ತು. ಅವನು ಅದನ್ನು ತಂಗಿಗೆ ಹೊದಿಸಿದ. ನನ್ನ ಹತ್ತಿರ ಶಾಲು ಇತ್ತು. ಅದೂ ನಿಜ. ಎಂಟನೆಯ ದಿನ ಎದೆಯಲ್ಲಿ ಕಫ ಕಟ್ಟಿ ತೀರಿಕೊಂಡ.

ಬರೆದೆ. ಮತ್ತೊಮ್ಮೆ ಓದದೆ ಅವಳ ಕೋಟಿಗೆ ಕಟ್ಟಿದೆ. ನನ್ನ ಚೀಟಿಯಲ್ಲಿ ಎಂದಿನಂತೆ ಬರೆದೆ: ಉಣ್ಣೆ. ಐದು ತೂತು. ಅದೇ ಬಟ್ಟೆಯ ಎಳೆ ಬಳಸಿದೆ.

ಮರುವಾರ ಕಂಪನಿಯ ಉಡುಪು ನೋಡಿಕೊಳ್ಳುವ ಅಜ್ಜ ಬಂದರು. ಕೊರಳಲ್ಲಿ ಅಳತೆಯ ಟೇಪು. ನನ್ನ ಕೋಟನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟರು. ಗುಬ್ಬಿಯ ಕೋಟಿನ ತೋಳನ್ನು ಒಳಗೂ ಹೊರಗೂ ತಿರುವಿ, ಬೆಳಕಿಗೆ ಹಿಡಿದು, ಚೀಟಿಯನ್ನು ಗಟ್ಟಿಯಾಗಿ ಓದಿದರು.

"'ಲಾರಿಯಲ್ಲಿ ನನ್ನ ಗಂಡ ತನ್ನ ಕೋಟನ್ನು ನನಗೆ ಹೊದಿಸಿದ. ಎಂಟು ದಿನದ ಮೇಲೆ ತೀರಿಕೊಂಡ.' ಯಾರಮ್ಮಾ ಇದು? ಇವರೇ ಬೇಕು ನನಗೆ."

ಅಣ್ಣ ಎಂದು ಬರೆಯಬೇಕಿತ್ತು. ಕೈತಪ್ಪಿ ಬರೆದೆ ಎನ್ನಬಹುದು. ಅಕ್ಷರಗಳು ಮಾತ್ರ ದುಂಡಗಿದ್ದವು.

ಗಂಡ ಸತ್ತವಳು ಅಲ್ಲಿ ನಾನೊಬ್ಬಳೇ. ಎಲ್ಲರೂ ನನ್ನ ಕಡೆ ತಿರುಗಿದರು. "ಇವರೇ," ಎಂದರು ಗಡಿಯಾರದಮ್ಮ, ಗಡಿಯಾರ ನೋಡದೆ.

ತನ್ನ ಹೊಲಿಗೆ ಗುಬ್ಬಿಗೆ ಗೊತ್ತಾಗದೆ ಇರುತ್ತದೆಯೇ? ಅವಳು ಕೋಟನ್ನು ನೋಡಿದಳು, ನನ್ನನ್ನು ನೋಡಿದಳು. ನನ್ನ ಕೋಣೆಯ ಚಿಲಕ ಬೀಳುವ ಸದ್ದು ಆಗಲೇ ಕಿವಿಯಲ್ಲಿತ್ತು.

"ಹೌದಜ್ಜ," ಎಂದಳು ಗುಬ್ಬಿ. "ಅತ್ತಿಗೇದೇ ಕೆಲ್ಸ. ಕೈ ತುಂಬಾ ಚೆನ್ನಾಗಿದೆ."

ನಾನು ಸುಮ್ಮನಿದ್ದಿದ್ದರೆ ಕೆಲಸ ನನ್ನದಾಗುತ್ತಿತ್ತು. ಆದರೆ ಅವಳು ನಗುತ್ತಿದ್ದಳು. ಅಜ್ಜನ ಕೈಯಲ್ಲಿದ್ದ ಕೆಲಸವನ್ನು ಅವಳೇ ತೆಗೆದು ನನಗೆ ಹೊದಿಸುತ್ತಿದ್ದಳು, ಥೇಟ್ ಅಣ್ಣನ ಹಾಗೆ. ಇನ್ನು ಸಾಯುವವರೆಗೂ ಅವಳು ಕೊಟ್ಟವಳು, ನಾನು ತೆಗೆದುಕೊಂಡವಳು. ಅಷ್ಟನ್ನು ಅವಳಿಗೆ ಬಿಟ್ಟುಕೊಡಲು ನನ್ನಿಂದ ಆಗಲಿಲ್ಲ.

"ಸುಳ್ಳು," ಎಂದೆ. "ಹೊಲಿಗೆ ಇವಳದು. ಲಾರೀಲಿ ಕೋಟು ಹೊದ್ಕೊಂಡಿದ್ದೂ ಇವಳೇ. ಗಂಡ ಮಾತ್ರ ನನ್ನವನು."

ಆ ಕೋಣೆಯಲ್ಲಿ ಅವನ ಮಾತನ್ನು ನಾನು ಎತ್ತಿದ್ದು ಅದೇ ಮೊದಲು. ಅಜ್ಜ ಟೇಪನ್ನು ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದರು. ಆಮೇಲೆ ಗುಬ್ಬಿಯ ಕಡೆ ತಿರುಗಿ, "ಸೋಮವಾರ ಬಾರಮ್ಮ," ಎಂದರು.

ಕೋಟುಗಳನ್ನು ಮಡಿಸುವಾಗ ಗುಬ್ಬಿ ಹತ್ತಿರ ಬಂದಳು. ಯಾವ್ಯಾವುದಕ್ಕೋ ಅಳುವವಳು ಇದಕ್ಕೆ ಅಳಲಿಲ್ಲ.

"ಅತ್ತಿಗೆ, ಆ ಚೀಟಿ ಹಾಗೇ ಇರ್ಲಿ ಬಿಡಿ. ತಿದ್ಬೇಡಿ. ಕೋಟು ನಿಮಗೇ ಹೊದಿಸಿದ ಅಂತಿರ್ಲಿ."

"ಯಾಕೆ, ಅದನ್ನೂ ನೀನೇ ಕೊಡ್ತೀಯಾ?"

ಅವಳೆದುರೇ ಪೆನ್ನು ತೆಗೆದು, ಗಂಡ ಎಂಬುದನ್ನು ಹೊಡೆದು ಅಣ್ಣ ಎಂದು ಬರೆದೆ. ಹೊಡೆದದ್ದು ಕಾಣುತ್ತಿತ್ತು.

ಸೋಮವಾರ ಗುಬ್ಬಿ ಹೋದಳು. ನನಗೆ ಬೇರೆ ಕೆಲಸ ಸಿಗುವವರೆಗೆ ಇಲ್ಲೇ ಇರಬಹುದು ಎಂದರು ಗಡಿಯಾರದಮ್ಮ. ಯಾರನ್ನೂ ಕೇಳದೆ ಕಿಟಕಿ ಪಕ್ಕದ ಮೇಜಿಗೆ ಹೋಗಿ ಕೂತೆ. ಬೆಳಕು ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿತ್ತು. ನನ್ನ ಹೊಲಿಗೆ ಇನ್ನೂ ಎದ್ದು ಕಾಣುತ್ತಿತ್ತು.