ಬಾಣಂತಿ ಕೋಣೆಗೆ ಬಾರದ ಪುಸ್ತಕ

ನಮ್ಮ ಹೊಸಹಳ್ಳಿಯ ಸಾರ್ವಜನಿಕ ಗ್ರಂಥಾಲಯ ಇದ್ದದ್ದು ನ್ಯಾಯಬೆಲೆ ಅಂಗಡಿಯ ಮೇಲಿನ ಮಹಡಿಯಲ್ಲಿ. ಕೆಳಗೆ ಸೀಮೆಎಣ್ಣೆಗೆ ಸಾಲು ನಿಂತವರೆಲ್ಲ ಹೆಂಗಸರು, ಮೇಲೆ ಪೇಪರಿಗೆ ಕಾದು ಕೂತವರೆಲ್ಲ ಗಂಡಸರು. ನಡುವೆ ಇದ್ದದ್ದು ಬರೀ ಮೆಟ್ಟಿಲು. ಅದಕ್ಕೆ ಬಾಗಿಲಿರಲಿಲ್ಲ, ಹೆಂಗಸರು ಬರಕೂಡದು ಎಂಬ ಬೋರ್ಡೂ ಇರಲಿಲ್ಲ. ಆದರೂ ಡಬ್ಬ ಹಿಡಿದು ಬಿಸಿಲಲ್ಲಿ ಒಣಗಿದ ಆ ಹೆಂಗಸರಲ್ಲಿ ಒಬ್ಬಳಾದರೂ, ಮೇಲೆ ಹತ್ತಿ ಫ್ಯಾನಿನ ಕೆಳಗೆ ಸ್ವಲ್ಪ ಹೊತ್ತು ಏನಾದರೂ ಓದಿ ಬರೋಣ ಅಂದುಕೊಂಡದ್ದನ್ನು ನಾನು ಕಾಣೆ.

ನಾನು ಹತ್ತುತ್ತಿದ್ದೆ. ಶಾಲೆಯ ಟೀಚರ್ ಎಂಬ ಕಾರಣಕ್ಕೆ ನನಗೆ ಅದೊಂದು ಮಾಫಿ ಇತ್ತು. "ಶಿವಗಂಗಮ್ಮ ಟೀಚರ್‌ಗೆ ಮಕ್ಕಳಿಲ್ಲ ಮರಿಯಿಲ್ಲ, ಓದ್ಕೊಳ್ಳಲಿ ಬಿಡು" ಎಂದು ವಠಾರದಲ್ಲಿ ಮಾತಾಡಿಕೊಳ್ಳುತ್ತಿದ್ದರು. ಓದುವುದು ಬೇರೆ ಗತಿಯಿಲ್ಲದ ಹೆಂಗಸಿನ ಕೆಲಸ ಎಂದು ಅವರ ಲೆಕ್ಕ. ಕೇಳಿ ಕೇಳಿ ನನಗೆ ರೇಗುವುದೂ ನಿಂತುಹೋಗಿತ್ತು.

ನಮ್ಮ ಮನೆಯ ಎದುರು ಮನೆ ದೊಡ್ಡಹನುಮಯ್ಯನವರದು. ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ. ಹಗಲಿನ ಶಿಫ್ಟು ಮುಗಿಸಿ ಬಂದು, ಸ್ನಾನ ಮಾಡಿ, ಕಾಫಿ ಕುಡಿದು, ಇಸ್ತ್ರಿ ಮಾಡಿದ ಶರ್ಟು ತೊಟ್ಟು ಗ್ರಂಥಾಲಯಕ್ಕೆ ಹೊರಟರೆಂದರೆ ಮದುವೆಮನೆಗೆ ಹೊರಟ ಹಾಗೆ ಇರುತ್ತಿತ್ತು. ಅಲ್ಲಿ ಪೇಪರಿನ ಮೊದಲ ಪುಟದಿಂದ ಕೊನೆಯ ಟೆಂಡರ್ ಪ್ರಕಟಣೆಯವರೆಗೆ ಓದಿ, ವಾಪಸು ಬಂದು ನಲ್ಲಿಯ ಕಟ್ಟೆ ಮೇಲೆ ಕೂತು ದೆಹಲಿಯಲ್ಲಿ ಏನಾಯಿತು, ಲಂಡನ್ನಿನಲ್ಲಿ ಏನಾಯಿತು ಎಂದು ನಮಗೆಲ್ಲ ವರದಿ ಒಪ್ಪಿಸುವರು. ಬಹಳ ಒಳ್ಳೆಯ ಮನುಷ್ಯ. ಕುಡಿತವಿಲ್ಲ, ಜೂಜಿಲ್ಲ, ಹೆಂಡತಿ ಗಂಗಲಕ್ಷ್ಮಮ್ಮನವರ ಮೇಲೆ ಕೈ ಎತ್ತಿದ್ದಿಲ್ಲ. ಆದರೆ ಅಷ್ಟು ವರ್ಷಗಳಲ್ಲಿ ಅಲ್ಲಿಂದ ಒಂದು ಪುಸ್ತಕವನ್ನು ಮನೆಗೆ ತಂದದ್ದೂ ಇಲ್ಲ. "ಪುಸ್ತಕ ಎಲ್ಲಾ ಪರೀಕ್ಷೆ ಹುಡುಗ್ರಿಗೆ ಟೀಚರ್. ನಮಗೆ ಸುದ್ದಿ ಗೊತ್ತಾದ್ರೆ ಸಾಕು" ಎನ್ನುತ್ತಿದ್ದರು.

ಅವರ ಒಬ್ಬಳೇ ಮಗಳು ತುಂಗಾ. ಚಿಕ್ಕವಳಿದ್ದಾಗ ಅಪ್ಪನ ಬೆರಳು ಹಿಡಿದು ತಾನೂ ಮೆಟ್ಟಿಲು ಹತ್ತುತ್ತಿದ್ದಳು. ಗ್ರಂಥಾಲಯದ ಕೃಷ್ಣಯ್ಯ ತಮ್ಮ ಮೇಜಿನ ಪಕ್ಕದಲ್ಲಿ ಒಂದು ಸ್ಟೂಲು ಹಾಕಿಕೊಡುತ್ತಿದ್ದರು. ಹುಡುಗಿ ಮೈನೆರೆದ ವರ್ಷ ಅದಕ್ಕೆ ಕಲ್ಲು ಬಿತ್ತು. ದೊಡ್ಡಹನುಮಯ್ಯನವರ ತಾಯಿ ಮುನಿತಾಯಮ್ಮ ಮಗನನ್ನು ಕೂರಿಸಿಕೊಂಡು, "ಅಷ್ಟು ಜನ ಗಂಡಸರ ಮಧ್ಯೆ ಎದೆ ಬೆಳೆದ ಹುಡುಗೀನ ಕೂರಿಸ್ತೀಯೇನೋ?" ಎಂದು ಕೇಳಿದರು. ಮಾರನೇ ದಿನದಿಂದ ಮಗ ಒಬ್ಬರೇ ಮೆಟ್ಟಿಲು ಹತ್ತತೊಡಗಿದರು. ಆ ಗಂಡಸರಲ್ಲಿ ತಾನೂ ಒಬ್ಬ ಎಂಬುದು ಅವರಿಗೆ ಹೊಳೆಯಿತೋ ಇಲ್ಲವೋ. ತುಂಗಾ ಮಾತ್ರ ನನ್ನ ಅಡುಗೆಮನೆಗೆ ಬಂದು ಗೊಳೋ ಎಂದು ಅತ್ತಳು. ಅವತ್ತಿನಿಂದ ನನ್ನ ಕಾರ್ಡಿನಲ್ಲಿ ಅವಳಿಗೂ ಪುಸ್ತಕ ತರತೊಡಗಿದೆ. ಎಸ್ಸೆಸ್ಸೆಲ್ಸಿ ಪಾಸಾದಳು, ಕೆಂಗೇರಿಯ ಅಂಜಿನಯ್ಯ ಎಂಬ ಸಾಧು ಹುಡುಗನಿಗೆ ಕೊಟ್ಟು ಮದುವೆ ಮಾಡಿದರು. ಅಲ್ಲಿಗೆ ಅವಳ ಓದೂ ಮುಗಿಯಿತು ಎಂದುಕೊಂಡಿದ್ದೆ.

ಎಂಬತ್ನಾಲ್ಕನೇ ಇಸವಿಯ ಚಳಿಗಾಲದಲ್ಲಿ ಸೀಮಂತ ಮುಗಿಸಿಕೊಂಡು ತುಂಗಾ ತವರಿಗೆ ಬಂದಳು. ಬಂದವಳೇ ನನ್ನ ಮನೆಗೆ ನುಗ್ಗಿ, "ಆಂಟಿ, ಮಕ್ಕಳನ್ನ ಹೆಂಗೆ ನೋಡ್ಕೋಬೇಕು ಅಂತ ಏನಾದ್ರೂ ಪುಸ್ತಕ ಸಿಗುತ್ತಾ? ಅಮ್ಮನ್ನ ಕೇಳಿದ್ರೆ ಎಲ್ಲದಕ್ಕೂ 'ನಾವು ಸಾಕಿಲ್ವಾ' ಅಂತಾರೆ" ಎಂದಳು. ಕೃಷ್ಣಯ್ಯ ಬೀರುವಿನ ಹಿಂದಿನಿಂದ ಒಂದು ಪುಸ್ತಕ ಹುಡುಕಿ ಕೊಟ್ಟರು. ಡಾಕ್ಟರೊಬ್ಬರು ಬರೆದದ್ದು, ಮೊದಲು ಯಾರೂ ಮುಟ್ಟಿರಲಿಲ್ಲ, ಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ತುಂಗಾ ಅದನ್ನು ಹೊಟ್ಟೆಯ ಮೇಲೆ ಆನಿಸಿಕೊಂಡು ಓದುತ್ತಿದ್ದಳು, ಒಳಗಿನ ಮಗುವಿಗೂ ಕೇಳಲಿ ಎಂಬಂತೆ ತುಟಿಯಾಡಿಸುತ್ತ. ಅವಳನ್ನು ಅಷ್ಟು ಸಂತೋಷವಾಗಿ ನಾನು ಮತ್ತೆ ನೋಡಲಿಲ್ಲ.

ಹೆರಿಗೆ ಸುಸೂತ್ರವಾಯಿತು. ಹೆಣ್ಣುಮಗು. ದುಂಡು ಮುಖ, ತಲೆ ತುಂಬ ಕೂದಲು. ಪುಟ್ಟಿ ಪುಟ್ಟಿ ಎಂದು ವಠಾರವೆಲ್ಲ ಕುಣಿದಾಡಿತು.

ಆಮೇಲೆ ಬಾಣಂತನ ಶುರುವಾಯಿತು. ಓದುವ ತಾಯಂದಿರಿಗೆ ಅದು ಏನೆಂದು ನಾನು ಹೇಳಬೇಕಾಗಿಲ್ಲ. ಕಿಟಕಿ ಮುಚ್ಚಿದ ಕೋಣೆ, ಸಾಂಬ್ರಾಣಿ ಹೊಗೆ, ಕಿವಿಗೆ ಹತ್ತಿ, ತಲೆಗೆ ಬಿಗಿದ ಬಟ್ಟೆ, ಮೆಣಸಿನ ಸಾರು. ಬಾಯಾರಿಕೆ ಎಂದರೆ ಎರಡು ಗುಟುಕು ಬಿಸಿನೀರು, ಅದೂ ಬೈಸಿಕೊಂಡು. ಇದರ ಜೊತೆಗೆ ಮುನಿತಾಯಮ್ಮನವರದು ಇನ್ನೊಂದು ಕಟ್ಟು: ಬಾಣಂತಿ ಅಕ್ಷರ ನೋಡಬಾರದು, ನೋಡಿದರೆ ಕಣ್ಣು ಹೋಗುತ್ತದೆ. ಅದರಲ್ಲೂ ಗ್ರಂಥಾಲಯದ ಪುಸ್ತಕ ಹೊಸಿಲು ದಾಟಕೂಡದು.

"ಯಾಕಜ್ಜಿ?" ಎಂದು ನಾನೇ ಕೇಳಿದೆ.

"ಅದು ಹತ್ತು ಮನೆ ಸುತ್ತಿ ಬಂದ ವಸ್ತು ಕಣವ್ವ ಟೀಚರಮ್ಮ. ಸಾವಿನ ಮನೇಲಿತ್ತೋ, ಅಮ್ಮ ಬಂದ ಮನೇಲಿತ್ತೋ, ಮುಟ್ಟಾದೋಳು ಮುಟ್ಟಿದ್ಲೋ, ಯಾರು ಕಂಡೋರು? ಹಸುಗೂಸು ಇರೋ ಕೋಣೆಗೆ ಅದನ್ನ ಬಿಟ್ಕೊಳ್ಳಾಕಾಗುತ್ತಾ?"

"ರೂಪಾಯಿ ನೋಟು ಸಾವಿರ ಮನೆ ಸುತ್ತಿ ಬರುತ್ತಲ್ಲ ಅಜ್ಜಿ. ಅದನ್ನ ದಿಂಬಿನ ಕೆಳಗೇ ಇಟ್ಕೋತೀರಿ."

"ನಿನ್ನ ಬಾಯಿಗೆ ಹೆದರ್ಬೇಕು ಕಣವ್ವ" ಎಂದು ಅಜ್ಜಿ ನಕ್ಕುಬಿಟ್ಟರು. ನಕ್ಕರೇ ಹೊರತು ಬಗ್ಗಲಿಲ್ಲ. ಮಾರನೇ ದಿನ ಆ ಪುಸ್ತಕ ನನ್ನ ಬಾಗಿಲ ಬಳಿ ಇತ್ತು. ಮೇಲೆ ಗಂಜಲ ಚಿಮುಕಿಸಿದ್ದರು. ನಾನು ಒರೆಸಿ, ಬಿಸಿಲಿಗಿಟ್ಟು, ಮೂಗು ಹಿಡಿದುಕೊಂಡು ಒಯ್ದು ಕೊಟ್ಟರೆ ಕೃಷ್ಣಯ್ಯ ಅದನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು.

ಮಗುವಿಗೆ ನಾಲ್ಕನೇ ತಿಂಗಳು ನಡೆಯುತ್ತಿತ್ತು. ಯುಗಾದಿ ಕಳೆದು ಬಿಸಿಲು ಏರಿತ್ತು, ನಲ್ಲಿಯಲ್ಲಿ ಬರುವ ನೀರಿಗೂ ಮಣ್ಣಿನ ಬಣ್ಣ ಬಂದಿತ್ತು. ಒಂದು ಬೆಳಿಗ್ಗೆ ಪುಟ್ಟಿಗೆ ಭೇದಿ ಶುರುವಾಯಿತು. ನಾನು ಶಾಲೆಗೆ ಹೊರಟವಳು ಆ ಮನೆಯಲ್ಲಿ ಏರಿದ ದನಿ ಕೇಳಿ ಒಳಗೆ ಹೋದೆ. ಮಗು ಅಜ್ಜಿಯ ತೊಡೆ ಮೇಲಿತ್ತು. ತುಂಗಾ ಎದೆ ಹಿಡಿದುಕೊಂಡು ಗೋಡೆಗೊರಗಿದ್ದಳು.

"ಅಜ್ಜಿ, ಕೊಡಿ. ಹಾಲು ಬಿಡಿಸ್ಬಾರ್ದು. ಕಾಯಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು, ಸಕ್ಕರೆ ಹಾಕಿ ಒಂದೊಂದೇ ಚಮಚ ಕುಡಿಸ್ತಾನೇ ಇರ್ಬೇಕು. ಪುಸ್ತಕದಲ್ಲಿ ಬರೆದಿತ್ತು, ನಾನು ಓದಿದೀನಿ."

"ಹೊಟ್ಟೆ ಒಣಗಿಸ್ಬೇಕು ಕಣೇ. ತೂತಾದ ಬಿಂದಿಗೆಗೆ ಮೇಲಿಂದ ನೀರು ಹಾಕಿದ್ರೆ ನಿಲ್ತದಾ? ಹಾಕಿದಷ್ಟೂ ಸೋರ್ತದೆ. ಎರಡು ದಿನ ಏನೂ ಕೊಡದಿದ್ರೆ ತಾನಾಗೇ ಕಟ್ಕೊಳ್ತದೆ. ಇದು ದೃಷ್ಟಿ ಭೇದಿ. ಮಂತ್ರ ಹಾಕೋ ಕೆಂಪಯ್ಯನ ಹತ್ರ ಯಂತ್ರ ಕಟ್ಟಿಸ್ಕೊಂಡು ಬತ್ತೀನಿ."

ನನಗೆ ತಡೆಯಲಾಗಲಿಲ್ಲ. "ಅಜ್ಜಿ, ಬಿಂದಿಗೆ ಬರಿದಾದ್ರೆ ಪಕ್ಕಕ್ಕೆ ಇಡಬಹುದು. ಮಗು ಬರಿದಾದ್ರೆ ಏನು ಮಾಡ್ತೀರಿ? ಅವಳು ಹೇಳ್ತಿರೋದು ಸರಿ. ಇಲ್ಲಾಂದ್ರೆ ಈಗಲೇ ಡಾಕ್ಟರ್ ಹತ್ರ ನಡೀರಿ, ನಾನೂ ಬರ್ತೀನಿ" ಎಂದೆ.

ಗಂಗಲಕ್ಷ್ಮಮ್ಮ ಅತ್ತೆಯ ಮುಖ ನೋಡಿದರು, ಗಂಡನ ಮುಖ ನೋಡಿದರು, ಸೆರಗು ಬಾಯಿಗಿಟ್ಟುಕೊಂಡರು. ಆ ಮನೆಯಲ್ಲಿ ಅವರ ಮಾತು ನಡೆದದ್ದು ಉಪ್ಪು ಹುಳಿಯ ವಿಷಯದಲ್ಲಿ ಮಾತ್ರ. ದೊಡ್ಡಹನುಮಯ್ಯ ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದರು.

"ಟೀಚರ್, ನೀವು ಓದಿದೋರು, ಇಲ್ಲ ಅನ್ನಲ್ಲ. ಆದ್ರೆ ಪುಸ್ತಕದಲ್ಲಿ ಸಾವಿರ ಬರೀತಾರೆ. ನಾನೂ ದಿನಾ ಲೈಬ್ರರಿಗೆ ಹೋಗೋನೇ, ನನಗೆ ಗೊತ್ತಿಲ್ವಾ? ಮಕ್ಕಳ ವಿಷಯ ಅಮ್ಮನಿಗೆ ಗೊತ್ತಿರೋವಷ್ಟು ಬರೆದೋನಿಗೆ ಗೊತ್ತಿರುತ್ತಾ?"

"ನೀವು ಓದಿದೀರಾ ಅದನ್ನ?"

"ಅದು ಹೆಂಗಸರ ಪುಸ್ತಕ. ನಾನ್ಯಾಕೆ ಓದ್ಲಿ?" ಎಂದು ಹೊರಟೇಹೋದರು. ಮಗಳು "ಅಪ್ಪಾ" ಎಂದು ಕೂಗಿದಳು. ಬಸ್ಸಿಗೆ ಹೊತ್ತಾಗಿತ್ತು, ತಿರುಗಿ ನೋಡಲಿಲ್ಲ. ಮಗುವನ್ನು ತೊಡೆಯಿಂದ ಬಿಡಲು ಮುನಿತಾಯಮ್ಮ ಒಪ್ಪಲಿಲ್ಲ, ನಾನು ಶಾಲೆಗೆ ನಡೆದೆ.

ಅಜ್ಜಿ ಮಗುವನ್ನು ತಮ್ಮ ಹತ್ತಿರವೇ ಇಟ್ಟುಕೊಂಡರು. ಕೆಟ್ಟ ಮನಸ್ಸಿನಿಂದಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ. ನಿದ್ದೆಗೆಟ್ಟು, ಊಟ ಬಿಟ್ಟು, ಹಣೆಗೆ ವಿಭೂತಿ ಹಚ್ಚಿ, ಕಂಡ ದೇವರಿಗೆಲ್ಲ ಹರಕೆ ಹೊತ್ತು ಆ ಮಗುವನ್ನು ಎದೆಗವಚಿಕೊಂಡು ಕೂತರು. ನೀರು ಮಾತ್ರ ಕೊಡಲಿಲ್ಲ. ತುಂಗಾ ಒಮ್ಮೆ ಅವರ ಕಣ್ಣು ತಪ್ಪಿಸಿ ಒಳಲೆಯಲ್ಲಿ ನೀರು ಹಿಡಿದು ಮಗುವಿನ ತುಟಿಗೆ ತಾಗಿಸಿದಳಂತೆ. ಮಗು ಚಪ್ಪರಿಸಿತಂತೆ. ಅಷ್ಟರಲ್ಲಿ ಅಜ್ಜಿ ನೋಡಿ ಒಳಲೆ ಕಿತ್ತುಕೊಂಡು, "ನಿನ್ನ ಕೈಯಾರೆ ಕೊಲ್ತೀಯೇನೇ ಪಾಪಿ" ಎಂದು ಅತ್ತುಬಿಟ್ಟರಂತೆ. ಹಾಗೆ ಅಳುವ ಮುದುಕಿಯ ಕೈಯಿಂದ ಮಗುವನ್ನು ಕಸಿಯುವ ಶಕ್ತಿ ಆ ಹಸಿಮೈ ಹುಡುಗಿಗೆ ಎಲ್ಲಿಂದ ಬರಬೇಕು?

ಮಾರನೇ ದಿನ ಶಾಲೆಯಿಂದ ಬಂದು ನೋಡುತ್ತೇನೆ, ಮಗು ಅಳುವುದನ್ನೇ ನಿಲ್ಲಿಸಿತ್ತು. ಕಣ್ಣು ಗುಳಿಬಿದ್ದಿದ್ದವು. ನೆತ್ತಿ ಒಳಗೆ ಇಳಿದಿತ್ತು. ಬಾಯಿ ತೆರೆದರೂ ದನಿಯಿಲ್ಲ, ಕಣ್ಣೀರೂ ಇಲ್ಲ. "ನೋಡವ್ವ, ಭೇದಿ ನಿಂತೋಯ್ತು" ಎಂದು ಅಜ್ಜಿ ನನಗೆ ಸಮಾಧಾನದಿಂದ ಹೇಳಿದರು. ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ.

ನಾನು ಯಾರನ್ನೂ ಕೇಳಲಿಲ್ಲ. ಮಗುವನ್ನು ಕಸಿದುಕೊಂಡು, ತುಂಗಾಳನ್ನು ಎಳೆದುಕೊಂಡು ಆಟೋ ಹತ್ತಿದೆ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಗುವಿನ ಹೊಟ್ಟೆಯ ಚರ್ಮ ಚಿವುಟಿದರು. ಚಿವುಟಿದ್ದು ಹಾಗೇ ನಿಂತಿತು. "ಮೈಯಲ್ಲಿ ನೀರೇ ಇಲ್ವಲ್ಲಮ್ಮಾ, ಕುಡಿಯೋಕೆ ಏನು ಕೊಟ್ರಿ?" ಎಂದು ಕೇಳಿದರು. ತುಂಗಾಳ ರವಿಕೆಯೆಲ್ಲ ಹಾಲಿನಿಂದ ಒದ್ದೆಯಾಗಿತ್ತು. ಡಾಕ್ಟರಮ್ಮ ಅದನ್ನು ನೋಡಿ ಮತ್ತೆ ಕೇಳಲಿಲ್ಲ. ಸೂಜಿ ಚುಚ್ಚಲು ಕೈಯಲ್ಲಿ, ಕಾಲಲ್ಲಿ, ತಲೆಯಲ್ಲಿ ನರ ಹುಡುಕಿದರು. ಹೊತ್ತು ಮುಳುಗುವ ಮುಂಚೆ ಪುಟ್ಟಿ ಹೋಗಿಬಿಟ್ಟಳು.

ಮಣ್ಣು ಮಾಡಿ ಬಂದ ಮೇಲೆ ವಠಾರದಲ್ಲಿ ಹೊಸ ಮಾತು ಹುಟ್ಟಿತು. ಆ ಪುಸ್ತಕ ಯಾವುದೋ ಸಾವಿನ ಮನೆಯದಂತೆ, ಬಸುರಿ ಅದನ್ನು ಹೊಟ್ಟೆ ಮೇಲೆ ಇಟ್ಟುಕೊಂಡದ್ದೇ ಕಾರಣವಂತೆ. ತಂದುಕೊಟ್ಟ ನಾನು ಮಕ್ಕಳಿಲ್ಲದವಳಂತೆ. ನನ್ನನ್ನು ಕಂಡು ಹಾಲು ಕುಡಿಸುವ ತಾಯಂದಿರು ಸೆರಗು ಮುಚ್ಚಿಕೊಳ್ಳತೊಡಗಿದರು. ಸಂಕಟವಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಒಂದು ಮಗು ನೀರಿಲ್ಲದೆ ಸಾಯುತ್ತದೆ, ನೀರು ಕೊಡಿ ಎಂದ ಪುಸ್ತಕಕ್ಕೆ ಅಪವಾದ! ಪುಸ್ತಕಕ್ಕಾದರೋ ಬಾಯಿಲ್ಲ.

ಬಾಯಿ ಇದ್ದದ್ದು ತುಂಗಾಳಿಗೆ. ಹೆಂಡತಿಯನ್ನು ಕರೆದೊಯ್ಯಲು ಅಂಜಿನಯ್ಯ ಬಂದ ದಿನ ಎಲ್ಲರೂ ಅಂಗಳದಲ್ಲಿ ನಿಂತಿದ್ದರು. ದೊಡ್ಡಹನುಮಯ್ಯ ಆಗಲೇ ಇಸ್ತ್ರಿ ಶರ್ಟು ತೊಟ್ಟಿದ್ದರು, ಮಗಳನ್ನು ಬಸ್ಸು ಹತ್ತಿಸಿ ಹಾಗೇ ಗ್ರಂಥಾಲಯಕ್ಕೆ ಹೋಗುವವರು. ಗಂಗಲಕ್ಷ್ಮಮ್ಮ ಮಡಿಲು ತುಂಬಿದ ಮೇಲೆ ಮುನಿತಾಯಮ್ಮ ಮೊಮ್ಮಗಳ ಕೈ ಹಿಡಿದುಕೊಂಡರು.

"ಗಂಡನ ಮುಂದೆ, ಹತ್ತು ಜನದ ಮುಂದೆ ಹೇಳಿ ಹೋಗವ್ವ. ಇನ್ನು ಆ ಲೈಬ್ರರಿ ಪುಸ್ತಕ ಮುಟ್ಟಲ್ಲ ಅನ್ನು. ಮುಂದಿನದಾದ್ರೂ ಉಳೀಲಿ."

"ಹೇಳಲ್ಲ ಅಜ್ಜಿ."

"ಏಯ್ ತುಂಗಾ!" ಎಂದರು ಅಪ್ಪ.

"ಅವಳಿಗೆ ಅನ್ನಿಸಿದ್ದು ಹೇಳ್ಲಿ ಬಿಡಿ ಮಾವ" ಎಂದ ಅಂಜಿನಯ್ಯ, ತಲೆ ತಗ್ಗಿಸಿಕೊಂಡೇ.

"ಪುಟ್ಟಿ ಪುಸ್ತಕದಿಂದ ಹೋಗ್ಲಿಲ್ಲ. ಬಾಯಾರಿ ಹೋದ್ಲು" ಎಂದಳು ತುಂಗಾ. ದನಿ ಏರಲಿಲ್ಲ. "ನನ್ನೆದೇಲಿ ಹಾಲು ಕಟ್ಟಿ ನೋಯ್ತಿತ್ತು. ಮೂಲೇಲಿ ಚೊಂಬು ತುಂಬಾ ನೀರಿತ್ತು. ಎರಡೂ ಇದ್ದ ಕೋಣೇಲಿ ನನ್ನ ಮಗಳು ಬಾಯಾರಿ ಹೋದ್ಲು. ನಾನು ಓದ್ತೀನಿ. ಕೆಂಗೇರೀಲಿ ಲೈಬ್ರರಿ ಎಲ್ಲಿದೆ ಅಂತ ಹುಡುಕ್ಕೊಂಡು ಹೋಗ್ತೀನಿ. ಎಷ್ಟು ಗಂಡಸರು ಕೂತಿದ್ರೂ ಹೋಗ್ತೀನಿ."

ಅಜ್ಜಿ ಈಗ ಶಾಪ ಹಾಕುತ್ತಾರೆ ಎಂದು ನಾನು ಹೆದರಿದ್ದೆ. ಅವರು ಅವಳ ಕೈ ಬಿಡಲೇ ಇಲ್ಲ. ಸಣ್ಣ ದನಿಯಲ್ಲಿ ಕೇಳಿದರು.

"ನೀರು ಕೊಟ್ಟಿದ್ರೆ ಉಳೀತಿತ್ತಾ?"

ತುಂಗಾಳಿಗೆ ಅಜ್ಜಿಯೆಂದರೆ ಪ್ರಾಣ. ಯಾರಿಗೆ ಗೊತ್ತು ಅಜ್ಜಿ, ದೇವರಿಚ್ಛೆ ಎಂದುಬಿಡಬಹುದಿತ್ತು. ಅವಳು ಹಾಗೆ ಹೇಳಲಿಲ್ಲ.

"ಉಳೀತಿತ್ತು ಅಜ್ಜಿ."

ಮುನಿತಾಯಮ್ಮ ಮೆಲ್ಲಗೆ ನೆಲಕ್ಕೆ ಕೂತರು. "ಹಂಗಾದ್ರೆ ನಮ್ಮ ನಿಂಗನೂ ಉಳೀತಿದ್ದ" ಎಂದರು. "ಅವನ ಬೆನ್ನಿಗೆ ಹುಟ್ಟಿದ ಹೆಣ್ಣೂ ಉಳೀತಿತ್ತು. ಕೇಳ್ತಿದ್ವು ಕಣೇ, ನಾಲಿಗೆ ಚಾಚಿ ಕೇಳ್ತಿದ್ವು. ನಮ್ಮತ್ತೆ ಒಣಗಿಸು ಅಂದ್ರು. ನಾನು ಒಣಗಿಸ್ದೆ."

ಅಜ್ಜಿ ಹೆತ್ತು ಕಳಕೊಂಡ ಆ ಮಕ್ಕಳ ವಿಷಯವನ್ನು ಅವರ ಸೊಸೆ ಕೂಡ ಅವತ್ತೇ ಮೊದಲ ಸಲ ಕೇಳಿದ್ದು. ತುಂಗಾ ಪಕ್ಕದಲ್ಲಿ ಕೂತು ಅಜ್ಜಿಯ ಬೆನ್ನ ಮೇಲೆ ಕೈಯಿಟ್ಟಳು. ಮುದುಕಿ ಅಳಲಿಲ್ಲ. ತಲೆಯೆತ್ತಿ ಮಗನ ಇಸ್ತ್ರಿ ಶರ್ಟನ್ನೇ ನೋಡಿದರು.

"ಹನುಮ, ಅದು ಅಲ್ಲೇ ಬರೆದಿಟ್ಟಿತ್ತಂತೆ. ನಂಗೆ ಅಕ್ಷರ ಬರಲ್ಲ, ಇವಳನ್ನ ನಾವೇ ಬುಡಲಿಲ್ಲ. ನೀನು ದಿನಾ ಹೋಯ್ತಿದ್ದೆಯಲ್ಲೋ. ಇಷ್ಟು ವರ್ಷ ಅಲ್ಲಿ ಕೂತ್ಕೊಂಡು ಏನೋ ಓದ್ತಿದ್ದೆ?"

ವಠಾರದ ಗಂಡಸರು ಒಬ್ಬೊಬ್ಬರಾಗಿ ಒಳಗೆ ಹೋದರು. ದೊಡ್ಡಹನುಮಯ್ಯ ತಾಯಿಯ ಎದುರು ನಿಂತೇ ಇದ್ದರು.