ಹಲ್ಲಿನಲ್ಲಿ ಕಡಿದ ದಾರ

ಅಕ್ಕನಿಗೆ ಕತ್ತರಿ ಇರಲಿಲ್ಲ. ಗಾಡಿ ರಿಪೇರಿಯ ಇಡೀ ಶೆಡ್ಡಿಗೆ ಒಂದೇ ಕತ್ತರಿ, ಅದು ಮೇಸ್ತ್ರಿಯ ಜೇಬಿನಲ್ಲಿ, ಕೇಳಿದರೆ ಮೊದಲು ಉಪದೇಶ ಆಮೇಲೆ ಕತ್ತರಿ, ಅದಕ್ಕೇ ಅಕ್ಕ ಮೇಣದ ದಾರವನ್ನು ಹಲ್ಲಿನಲ್ಲೇ ಕಡಿಯುತ್ತಿದ್ದಳು, ಇಲಿಯಾಗಿ ಹುಟ್ಟಬೇಕಿತ್ತು ಇವಳು, ದಾರಿ ತಪ್ಪಿ ನಿಮ್ಮ ಮನೇಲಿ ಹುಟ್ಟಿದಾಳೆ ಎಂದು ಮೇಸ್ತ್ರಿ ತಂಗಿಗೆ ಹೇಳಿದರೆ, ಇಲಿ ಆಗಿದ್ರೆ ಮೊದಲು ನಿಮ್ಮ ಜೇಬೇ ಕಡೀತಿದ್ದೆ ಎಂದು ಅಕ್ಕನ ಉತ್ತರ, ಬಾಯಲ್ಲಿ ದಾರ ಇದ್ದದ್ದರಿಂದ ಅರ್ಧ ಮಾತು ಉಗುಳಿನ ಜೊತೆ — ಕಾರಿನ ಡಿಕ್ಕಿಯೊಳಗೆ ಸೊಂಟದವರೆಗೆ ತೂರಿಕೊಂಡಿರುವ ತಂಗಿಯ ಕೈದೀಪದ ಬೆಳಕಿನಲ್ಲಿ ಈಗ ಅದೇ ದಾರದ ತುದಿ, ತುದಿಯಲ್ಲಿ ಕಡಲೆಕಾಳಿನಷ್ಟು ಮೇಣ, ಮೇಣದಲ್ಲಿ ಎರಡು ಗುಳಿ, ಗುಳಿಗಳ ನಡುವೆ ಒಂದು ಸಣ್ಣ ದಿಬ್ಬ, ಅಕ್ಕನ ಮುಂದಿನ ಎರಡು ಹಲ್ಲು, ನಡುವೆ ಸಂದು.

ಅದೇ ಕಾರು, ಗಾಡಿ ಯಜಮಾನರ ಅಪ್ಪನ ಕಾಲದ್ದು, ಅಕ್ಕತಂಗಿ ಕೂತು ಹೊಸದಾಗಿ ಕಟ್ಟಿಕೊಟ್ಟ ವೈರು ಎಂಟು ವರ್ಷ ಬಾಳಿತು, ಈಗ ಹಿಂದಿನ ದೀಪ ಹತ್ತುತ್ತಿಲ್ಲ, ಸುಟ್ಟ ವಾಸನೆ, ಸಂಜೆ ಬರ್ತೀನಿ, ಹಳೇದು ಒಂದು ಎಳೆಯೂ ಬೇಡ ಎಂದು ಯಜಮಾನರು ಕಡ್ಡಿ ಮುರಿದಂತೆ ಹೇಳಿ ಹೋಗಿದ್ದಾರೆ, ಅವರಿಗೇನು, ಅವರದ್ದು ಬರೀ ಗಾಡಿ. ಅವತ್ತು ಸುತ್ತಿದ್ದು ತಂಗಿ, ಕಟ್ಟಿದ್ದು ಅಕ್ಕ — ವೈರುಗಳನ್ನು ಒಟ್ಟಿಗೆ ಹಿಡಿದು ಬಟ್ಟೆಯ ಟೇಪನ್ನು ಅರ್ಧದ ಮೇಲೆ ಅರ್ಧ ಬರುವಂತೆ ಎಳೆದೆಳೆದು ಸುತ್ತುವುದು, ಆ ಟೇಪಿಗೆ ಅಂಟಿಲ್ಲ, ಬಿಟ್ಟರೆ ಬಿಚ್ಚಿಕೊಳ್ಳುತ್ತದೆ, ಆದ್ದರಿಂದ ವೈರು ಕವಲೊಡೆಯುವಲ್ಲೆಲ್ಲ ದಾರದ ಗಂಟು, ಗಂಟಿನ ಮೇಲೆ ಬಿಸಿ ಮೇಣದ ತೊಟ್ಟು, ಮೇಣ ಆರುವ ಮೊದಲೇ ಅಕ್ಕ ಬಗ್ಗಿ ದಾರ ಕಡಿದು ಹಲ್ಲಿನಿಂದಲೇ ಒತ್ತುತ್ತಿದ್ದಳು, ಅವಳ ಉಸಿರು ತಂಗಿಯ ಮಣಿಕಟ್ಟಿಗೆ ತಾಗುತ್ತಿತ್ತು, ಗಟ್ಟಿಯಾಗಿ ಹಿಡಿಯೇ, ಸತ್ತವಳ ಹಾಗೆ ಹಿಡೀಬೇಡ ಎಂದು ಗದರುತ್ತಿದ್ದವಳು ಅವಳೇ, ಸತ್ತವಳೂ ಅವಳೇ, ಜ್ವರ ಅಂತ ಮಲಗಿದವಳು ಆ ವಾರ ದಾಟಲಿಲ್ಲ. ಬಟ್ಟೆಗಳನ್ನು ಅಮ್ಮ ಹಂಚಿಬಿಟ್ಟಳು, ಕಣ್ಣೆದುರಿಗಿದ್ದರೆ ತುತ್ತು ಇಳಿಯಲ್ಲ ಅಂತ, ಮಂಚ ಚಿಕ್ಕಪ್ಪನ ಮನೆಗೆ ಹೋಯಿತು, ಅಕ್ಕನ ಫೋನ್ ನಂಬರಿಗೆ ಈಗ ಯಾರೋ ಗಂಡಸು, ಮೊದಲ ಸಲ ಬೈದ, ಮೂರನೇ ಸಲ ಯಾರಮ್ಮ ಬೇಕು ನಿಂಗೆ ಎಂದು ಮೆತ್ತಗೆ ಕೇಳಿದ, ಆಮೇಲೆ ತಂಗಿ ಫೋನ್ ಮಾಡಲಿಲ್ಲ, ಬೈದಿದ್ದರೆ ಮಾಡುತ್ತಿದ್ದಳೇನೋ. ಮೇಸ್ತ್ರಿ ಇನ್ನೊಂದು ಕತ್ತರಿ ತಂದು ಗೋಡೆಯ ಮೊಳೆಗೆ ನೇತುಹಾಕಿದ್ದೂ ಆಮೇಲೆಯೇ, ಹಲ್ಲಿದ್ದಾಗ ಕತ್ತರಿ ಇಲ್ಲ, ಕತ್ತರಿ ಬಂದಾಗ ಹಲ್ಲಿಲ್ಲ.

ಬೆಳಿಗ್ಗೆ ಬಾನೆಟ್ಟಿನ ಕಡೆಯಿಂದ ಬಿಚ್ಚುತ್ತಾ ಬಂದಿದ್ದಳು ತಂಗಿ, ಮೊದಲ ಗಂಟು ಕಂಡಾಗ ಕೈ ನಿಂತಿತ್ತು, ಹಲ್ಲಿನ ಗುರುತು ಹುಡುಕಿದಳು, ಮೇಣವೇ ಇಲ್ಲ, ಎಂಜಿನ್ನಿನ ಬಿಸಿಗೆ ಕರಗಿ ಬರೀ ಕರಿ ಜಿಡ್ಡು, ಎರಡನೆಯದೂ ಹಾಗೇ, ಮೂರನೆಯದೂ ಹಾಗೇ, ಡ್ಯಾಶ್‌ಬೋರ್ಡಿನ ಹಿಂದಿನ ಎರಡು ಮುಟ್ಟಿದರೆ ಪುಡಿ, ಬಾಗಿಲ ಬುಡದ್ದು ನೀರು ಕುಡಿದು ಕೊಳೆತಿತ್ತು, ಇದು ಏಳನೆಯದು, ಕೊನೆಯದು, ಕತ್ತಲಲ್ಲಿ ತಣ್ಣಗೆ ಉಳಿದುಕೊಂಡದ್ದು, ಇದೊಂದು ಇರಲಿ, ಇದರ ಮೇಲೆಯೇ ಟೇಪು ಸುತ್ತಿಬಿಟ್ಟರೆ ಯಜಮಾನರೇನು ಬಿಚ್ಚಿ ನೋಡುತ್ತಾರೆಯೇ, ಕಾರು ಊರೂರು ಸುತ್ತುತ್ತಿರುತ್ತದೆ, ಒಳಗೆ ಅಕ್ಕ ಕಚ್ಚಿಕೊಂಡಿರುತ್ತಾಳೆ — ಅಷ್ಟರಲ್ಲಿ ಮೇಸ್ತ್ರಿ ಬಂದು ಬಗ್ಗಿ, ಗಂಟಿನ ಅಡಿಯ ಕೆಂಪು ವೈರನ್ನು ಉಗುರಿನಿಂದ ತೋರಿಸಿದ, ದಾರ ಬಿಗಿದಲ್ಲೇ ವೈರಿನ ಸಿಪ್ಪೆ ಸೀಳಿ ತಾಮ್ರ ಕಪ್ಪಾಗಿದೆ, ಸುಟ್ಟದ್ದು ಇಲ್ಲೇ, ಸಡಿಲ ಎಂದರೆ ಆಗದಿದ್ದ ಅಕ್ಕನ ಬಿಗಿಯೇ ಇದನ್ನು ತಿಂದದ್ದು. ಇದೊಂದನ್ನ ಬಿಟ್ಟು ಸುತ್ತಿದ್ರೆ ಆಗಲ್ವಾ ಮೇಸ್ತ್ರೀ ಎಂದಳು. ಗಾಡಿ ಹೊತ್ಕೊಂಡ್ರೆ ನಿಮ್ಮಕ್ಕ ಬಂದು ಆರಿಸ್ತಾಳಾ ಎಂದ, ಅಂದವನು ಜೇಬಿನ ಕತ್ತರಿ ತೆಗೆದು ಅವಳ ಪಕ್ಕದಲ್ಲಿಟ್ಟು, ಉಪದೇಶವಿಲ್ಲದೆ ಹೋದ.

ಗಂಟಿಗೆ ತಾಗದಂತೆ ಆ ಕಡೆ ಈ ಕಡೆ ದಾರ ಕತ್ತರಿಸಿದಳು, ಗಂಟು ಇಡಿಯಾಗಿ ಬಂತು, ಬಂತಲ್ಲ, ಡಬ್ಬಿಯಲ್ಲಿಡೋಣ, ಹತ್ತಿ ಹಾಕಿ ಇಡೋಣ, ಅಮ್ಮನಿಗೆ ತೋರಿಸೋಣ, ಬೇಡ, ಅಮ್ಮನಿಗೆ ಬೇಡ, ಕೆಳಗಿಟ್ಟರೆ ಡಿಕ್ಕಿಯ ಸಂದಿಗೆ ಉರುಳಿ ಹೋದೀತು, ಮೂರು ಬೆರಳು ಮಡಚಿ ಅದರೊಳಗೆ ಗಂಟು, ಉಳಿದ ಬೆರಳಲ್ಲಿ ಟೇಪು, ಹೊಸ ವೈರು ಎಳೆದಳು, ಸುತ್ತಿದಳು, ಅರ್ಧದ ಮೇಲೆ ಅರ್ಧ, ಎದುರಿಗೆ ಹಿಡಿಯುವವರಿಲ್ಲದೆ ಟೇಪು ಜಾರುತ್ತದೆ, ಗಟ್ಟಿಯಾಗಿ ಹಿಡಿಯೇ, ಹಿಡಿದಿದ್ದೀನಿ ಕಣೇ, ದಾರ ಬಿಗಿದು ತುದಿಯನ್ನು ಹಲ್ಲಿನಲ್ಲಿ ಕಡಿದಳು, ಕತ್ತರಿ ಪಕ್ಕದಲ್ಲೇ ಇತ್ತು. ಹಿಂದಿನ ದೀಪ ಹತ್ತಿತು, ಕೆಂಪಗೆ. ಆ ಬೆಳಕಿಗೆ ಹಿಡಿದು ನೋಡೋಣವೆಂದು ಬೆರಳು ಬಿಚ್ಚಿದಳು. ಕೈಯ ಬಿಸಿಗೆ ಮೇಣ ಮೆತ್ತಗಾಗಿ ನುಣ್ಣಗೆ ಉಂಡೆಯಾಗಿತ್ತು. ಗುಳಿ ಇಲ್ಲ, ದಿಬ್ಬ ಇಲ್ಲ, ತನ್ನದೇ ಅಂಗೈಯ ಗೆರೆ. ಮರೆಯದಂತೆ ಹೇಳಿಕೊಂಡಳು. ಎರಡು ಹಲ್ಲು, ನಡುವೆ ಸಂದು. ಎರಡು ಹಲ್ಲು, ನಡುವೆ ಸಂದು. ಏಳು ಗಂಟು ಇದ್ದವು, ಏಳೂ ಹೋದವು.