ಕೌಲಿಯ ಕೊರಳಿನ ಗಂಟೆ

ನಾನು ಹಲಸಿನ ಮರದ ಗಂಟೆ. ಕಂಚಿನ ಗಂಟೆಯಂತೆ ಹೊಳೆಯಲಾರೆ, ಇಂಪಾಗಿ ನುಡಿಯಲಾರೆ. ತುಂಗಮ್ಮನ ಅಪ್ಪ ಮರದ ತುಂಡೊಂದನ್ನು ಉಳಿಯಿಂದ ಕೊರೆದು, ಹೊಟ್ಟೆ ಟೊಳ್ಳು ಮಾಡಿ, ಒಳಗೆ ಎರಡು ನಾಲಿಗೆ ಇಳಿಬಿಟ್ಟ. ಅಲುಗಿದರೆ ಲೊಟ್ ಲೊಟ್ ಎನ್ನುತ್ತೇನೆ, ಅಷ್ಟೆ. ಮದುವೆಯಲ್ಲಿ ಮಗಳಿಗೆ ಬಳುವಳಿ ಕೊಟ್ಟ ಕರುವಿನ ಕೊರಳಿಗೆ ನನ್ನನ್ನು ಕಟ್ಟಿ, "ಮಂಜು ಬಿದ್ರೆ ಇದ್ರ ಸದ್ದು ಹಿಡ್ಕಂಡು ಹೋಗು ಮಗಾ" ಎಂದ.

ಹಾಗೆ ನಾನು ಕೋಣನಬೆನ್ನಿಗೆ ಬಂದೆ. ಅದೊಂದು ಗುಡ್ಡಸಾಲು. ನೆತ್ತಿಯುದ್ದಕ್ಕೂ ಒಂದೇ ಕಾಲುದಾರಿ. ಒಂದು ಪಕ್ಕ ಹುಲ್ಲುಗಾವಲು, ಇನ್ನೊಂದು ಪಕ್ಕ ತಳ ಕಾಣದ ಪ್ರಪಾತ. ದನಗಳು ತುಳಿದು ಮಾಡಿದ ಆ ದಾರಿಯಲ್ಲಿ ಈಚೆಗೆ ಚಾರಣಿಗರೂ ನಡೆಯುತ್ತಾರೆ.

ಮಂಜು ಅಲ್ಲಿ ಹೇಳದೆ ಕೇಳದೆ ಬರುತ್ತದೆ. ಆಗೆಲ್ಲ ತುಂಗಮ್ಮ ನನ್ನ ಸದ್ದು ಹಿಡಿದು ಬಂದು ಹಸುವಿನ ಕೊರಳು ತಬ್ಬಿ ನಿಲ್ಲುತ್ತಿದ್ದಳು. ಅವಳ ಎದೆ ಬಡಿಯುವುದು ನನ್ನ ಟೊಳ್ಳಿಗೆ ಕೇಳುತ್ತಿತ್ತು. ಇಪ್ಪತ್ತು ವರ್ಷವಾದರೂ ಆ ಹೆದರಿಕೆ ಹೋಗಲಿಲ್ಲ. ಮನೆಯಲ್ಲಿ ಅವಳು ಅದನ್ನು ಯಾರಿಗೂ ಹೇಳಲಿಲ್ಲ.

ಬಳುವಳಿಯ ಕರು ಮುದಿಯಾಗಿ ಸತ್ತು, ನಾನು ಅದರ ಮೊಮ್ಮಗಳು ಕೌಲಿಯ ಕೊರಳಿಗೆ ಬಂದೆ. ಕೌಲಿ ಗಬ್ಬವಾಗಿ ದಿನ ತುಂಬಿತ್ತು. ಈಯುವ ಹಸು ಮರೆ ಹುಡುಕುತ್ತದೆ. ಒಂದು ಮಧ್ಯಾಹ್ನ ಅದು ಹಿಂಡು ಬಿಟ್ಟು ಪೊದೆಗೆ ನುಗ್ಗಿತು. ನನ್ನ ಹಗ್ಗ ಮುಳ್ಳಿಗೆ ಸಿಕ್ಕಿ ಹರಿದು, ನಾನು ದಾರಿಯಂಚಿಗೆ ಬಿದ್ದೆ.

ಚಾರಣಕ್ಕೆ ಬಂದಿದ್ದ ಇಬ್ಬರು ಹುಡುಗಿಯರಲ್ಲಿ ಸಂಹಿತಾ ಎಂಬವಳು ನನ್ನನ್ನು ಎತ್ತಿಕೊಂಡಳು.

"ಅಯ್ಯೋ, ಎಷ್ಟು ಕ್ಯೂಟಾಗಿದೆ!"

"ಯಾವುದೋ ಹಸುದು ಕಣೇ, ಇಡು ಅಲ್ಲಿ" ಎಂದಳು ಗೆಳತಿ.

"ಹಸು ಬಂದು ಕೇಳಿದ್ರೆ ಕೊಡ್ತೀನಿ ಬಿಡು" ಎಂದು ನಕ್ಕು, ನನ್ನನ್ನು ಬ್ಯಾಗಿಗೆ ಕಟ್ಟಿಕೊಂಡಳು.

ಸ್ವಲ್ಪ ಹೊತ್ತಿಗೇ ಮಂಜು ಕವಿಯಿತು. ದಾರಿ ಎಲ್ಲಿ ತಪ್ಪಿತೆಂದು ಅವರಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು: ಅವರು ಪ್ರಪಾತದ ಕಡೆ ನಡೆಯುತ್ತಿದ್ದರು. ಆಗಲೇ ಹಿಂದಿನಿಂದ ತುಂಗಮ್ಮನ ಕೂಗು ಬಂತು.

"ಕೌಲೀ... ನಿಲ್ಲೇ ನನ್ನವ್ವಾ..."

"ಯಾರೋ ಹಿಂದೆ ಬರ್ತಿದ್ದಾರೆ ಕಣೇ" ಎಂದು ಸಂಹಿತಾ ಹೆದರಿ ಗೆಳತಿಯ ಕೈ ಹಿಡಿದು ಬಿರಬಿರನೆ ನಡೆದಳು. ನಾನು ಬಿರಬಿರನೆ ಬಡಿದುಕೊಂಡೆ. ಹಸು ಬೆದರಿ ಓಡುತ್ತಿದೆ ಎಂದುಕೊಂಡ ತುಂಗಮ್ಮ ತಾನೂ ಓಡಿದಳು. ನನ್ನ ಸದ್ದು ಮೂವರನ್ನೂ ಸಾವಿನ ಅಂಚಿಗೆ ಕರೆದೊಯ್ಯುತ್ತಿತ್ತು. ನಾಲಿಗೆ ಕಚ್ಚಿ ಸುಮ್ಮನಾಗೋಣವೆಂದರೆ ನನಗೆ ಹಲ್ಲಿಲ್ಲ.

ತಟ್ಟನೆ ಹಿಂದೆ ತುಂಗಮ್ಮನ ಹೆಜ್ಜೆ ನಿಂತಿತು. ದಿನ ತುಂಬಿದ ಹಸು ಎರಡು ಮಾರು ನಡೆದರೆ ನಿಲ್ಲುತ್ತದೆ, ಆಗ ನಾನೂ ನಿಲ್ಲುತ್ತೇನೆ. ಹೀಗೆ ಬಿಡುವಿಲ್ಲದೆ ಬಡಿಯುವುದು ಹಸುವಿನ ಕೊರಳಲ್ಲಲ್ಲ ಎಂದು ಅವಳಿಗೆ ಹೊಳೆದಿರಬೇಕು.

"ಗಂಟೆ ಹೊತ್ತೋರು ಯಾರದು? ನಿಂತಲ್ಲೇ ನಿಂತ್ಕಳಿ! ಮುಂದೆ ನೆಲ ಇಲ್ಲ!"

ಸಂಹಿತಾಳ ಕಾಲಡಿಯ ಕಲ್ಲೊಂದು ಜಾರಿತು. ಅದು ಬಿದ್ದ ಸದ್ದು ಕೇಳಲೇ ಇಲ್ಲ.

ತುಂಗಮ್ಮ ತಡಕಾಡುತ್ತ ಬಂದು ಬ್ಯಾಗಿನ ಪಟ್ಟಿ ಹಿಡಿದೆಳೆದಳು. ಆಮೇಲೆ ನನ್ನನ್ನು ಕಂಡಳು.

"ಸಾರಿ ಆಂಟಿ... ದಾರೀಲಿ ಬಿದ್ದಿತ್ತು."

"ನನ್ನ ಹಸು?"

ಹುಡುಗಿಯರು ಹಸುವನ್ನು ಕಂಡೇ ಇರಲಿಲ್ಲ. ತುಂಗಮ್ಮ ಮಂಜಿನತ್ತ ನೋಡುತ್ತ ನಿಂತಳು. ಆ ಬಿಳಿಯಲ್ಲೆಲ್ಲೋ ಕೌಲಿ ಸದ್ದಿಲ್ಲದೆ ಈಯುತ್ತಿತ್ತು. ಆದರೆ ದಾರಿ ತಿಳಿಯದ ಆ ಹುಡುಗಿಯರನ್ನು ಬಿಟ್ಟುಹೋಗಲು ಅವಳಿಗೆ ಮನಸ್ಸಾಗಲಿಲ್ಲ. ನನ್ನನ್ನು ಕೈಯಲ್ಲಿ ಆಡಿಸುತ್ತ, "ಇದ್ರ ಹಿಂದೇ ಬನ್ನಿ" ಎಂದು ಅವರನ್ನು ಕೆಳಗಿಳಿಸಿದಳು.

ಮೂರು ದಿನ ಮನೆಮಂದಿಯೆಲ್ಲ ಹುಡುಕಿದರು. ಕೌಲಿ ಸಿಗಲಿಲ್ಲ, ಕರುವೂ ಸಿಗಲಿಲ್ಲ.

ನಾಲ್ಕನೆಯ ದಿನ ತುಂಗಮ್ಮ ಉಳಿದ ದನ ಹೊಡೆದುಕೊಂಡು ಹೊರಡುವಾಗ ನನ್ನನ್ನು ತನ್ನ ಸೊಂಟಕ್ಕೇ ಕಟ್ಟಿಕೊಂಡಳು.

"ಏನೇ, ನೀನೇ ಹಸು ಆದ್ಯಾ?" ಗಂಡ ನಕ್ಕ.

"ಹಸುಗಾದ್ರೆ ಗಂಟೆ ಇತ್ತು. ನಾನು ಕಳ್ದುಹೋದ್ರೆ ಎತ್ಲಾಗೆ ಅಂತ ಹುಡುಕ್ತೀರಿ?"



ಈಗ ನಾನು ಮುದಿಯಾಗಿದ್ದೇನೆ. ಒಂದು ನಾಲಿಗೆ ಉದುರಿದೆ, ಮೈ ಸೀಳಿದೆ. ರಾತ್ರಿ ಕೊಟ್ಟಿಗೆಯ ಮೊಳೆಗೆ ಜೋತುಬೀಳುತ್ತೇನೆ, ಹಗಲು ಅವಳ ಸೊಂಟದಲ್ಲಿರುತ್ತೇನೆ. ಅವಳು ದಣಿದು ಬಂಡೆಯ ಮೇಲೆ ಕುಳಿತರೆ ನಾನು ಮೌನವಾಗುತ್ತೇನೆ, ಆ ಮೌನಕ್ಕೆ ನಾನೇ ಹೆದರುತ್ತೇನೆ. ಅವಳಿಗದು ಗೊತ್ತೋ ಏನೋ, ಮಂಜು ಕವಿದಾಗ ಕೂತಲ್ಲೇ ನನ್ನನ್ನು ಕೈಯಿಂದ ಅಲ್ಲಾಡಿಸುತ್ತಾಳೆ. ಉಳಿದ ಒಂದೇ ನಾಲಿಗೆಯಲ್ಲಿ ನಾನು ಅವಳ ಪರವಾಗಿ ಹೇಳುತ್ತೇನೆ: ಇಲ್ಲಿದ್ದಾಳೆ, ಇಲ್ಲಿದ್ದಾಳೆ.